ಒಂದು ‘ಎಸ್’, ಒಂಬತ್ತು ಬಾಲ

ದೆಹಲಿಯಲ್ಲಿ ಬೇರೂರಿದ ಕನ್ನಡಿಗರೆಂದರೆ ಮೂರು ಭಾಷೆಗಳೊಡನೆ ಸಂಸಾರ ಹೂಡಿದವರು. ಅಡಿಗೆಮನೆಯಲ್ಲಿ ಕನ್ನಡ, ತರಕಾರಿ ಗಾಡಿಯ ಮುಂದೆ ಹಿಂದಿ, ಕಚೇರಿಯ ಕಡತದೊಳಗೆ ಇಂಗ್ಲಿಷ್. ಈ ಸಂಸಾರದಲ್ಲಿ ಜಗಳ ಹುಟ್ಟುವುದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಹಿಂದೆ ಮುಂದೆ ನೋಡದೆ ಹೇಳುತ್ತೇನೆ: ಕ್ರಿಯಾಪದದ ಬಾಲದಲ್ಲಿ. ಶಬ್ದಗಳೇನೋ ಬೇಗ ಬಂದುಬಿಡುತ್ತವೆ. ಬದನೆಕಾಯಿಗೆ ಬೈಂಗನ್ ಎಂದೂ ಬೆಂಡೆಕಾಯಿಗೆ ಭಿಂಡಿ ಎಂದೂ ಕಲಿಯಲು ಒಂದು ವಾರ ಸಾಕು. ಆದರೆ ಬೈಂಗನ್ ಗಂಡು, ಭಿಂಡಿ ಹೆಣ್ಣು. ಒಂದು ‘ಅಚ್ಛಾ’, ಇನ್ನೊಂದು ‘ಅಚ್ಛೀ’. ಒಂದು ಕೆಟ್ಟರೆ ‘ಗಯಾ’, ಇನ್ನೊಂದು ಕೆಟ್ಟರೆ ‘ಗಯೀ’ ಎಂಬುದು ಬಾಯಿಗೆ ಹತ್ತುವುದರೊಳಗೆ ತಲೆಗೂದಲು ನರೆಯುತ್ತದೆ. ಟ್ರಕ್ಕು ಗಂಡು, ಬಸ್ಸು ಹೆಣ್ಣು. ಪೊಲೀಸು, ಸೇನೆ, ಸರ್ಕಾರ ಮೂರೂ ಹೆಣ್ಣು. ಹೋಗಲಿ ಎಂದರೆ ಮೀಸೆಯೂ ಗಡ್ಡವೂ ಹೆಣ್ಣು! 2002ರ ಡಿಸೆಂಬರಿನಲ್ಲಿ ದೆಹಲಿಗೆ ಮೆಟ್ರೋ ಬಂದಾಗ ಅದಕ್ಕೆ ನಾಮಕರಣದ ಜತೆಗೆ ಲಿಂಗನಿರ್ಣಯವೂ ಆಗಿಹೋಯಿತು. ‘ಮೆಟ್ರೋ ಆ ಗಯೀ’ ಎಂದು ಮೊದಲ ದಿನದಿಂದಲೇ ಜನ ಅಂದರು. ರೈಲುಗಾಡಿಯ ತಂಗಿಯಲ್ಲವೆ, ಬೇರೇನಾದೀತು?

ಇರಲಿ. ಹಿಂದಿಯ ಲಿಂಗಗಳ ಪುರಾಣವನ್ನು ದೆಹಲಿಯ ಕನ್ನಡಿಗರು ಒಬ್ಬರಿಗೊಬ್ಬರು ಬೇಕಾದಷ್ಟು ಹೇಳಿ ನಕ್ಕಿದ್ದೇವೆ. ನಾನೀಗ ಬರೆಯಹೊರಟಿರುವುದು ಇಂಗ್ಲಿಷಿನ ಒಂದೇ ಒಂದು ಅಕ್ಷರದ ವಿಷಯ. ‘ಹಿ ಗೋ’ ಅಲ್ಲ, ‘ಹಿ ಗೋಸ್’ ಎನ್ನುವಾಗ ಕೊನೆಗೆ ಅಂಟಿಕೊಳ್ಳುವ ‘ಎಸ್’. ನೋಡಲು ಚಿಕ್ಕದು. ಆದರೆ ಈ ಒಂದು ಅಕ್ಷರ ಬಿಟ್ಟುಹೋದರೆ ಮನುಷ್ಯನ ಓದು, ಬುದ್ಧಿ, ಊರು, ಶಾಲೆ ಎಲ್ಲವನ್ನೂ ಎದುರಿಗಿದ್ದವರು ಒಂದು ಕ್ಷಣದಲ್ಲಿ ಅಳೆದು ಬದಿಗಿಡುತ್ತಾರೆ.

ನಾನು 1979ರಲ್ಲಿ ಇಲ್ಲಿನ ಒಂದು ಮಂತ್ರಾಲಯಕ್ಕೆ ಗುಮಾಸ್ತನಾಗಿ ಸೇರಿದಾಗ ನಮ್ಮ ಮೇಲಧಿಕಾರಿಗಳೊಬ್ಬರು ಕೆಂಪು ಶಾಯಿಯ ಪೆನ್ನನ್ನು ಕರ್ತೃ ಕ್ರಿಯಾಪದಗಳ ಹೊಂದಾಣಿಕೆಗೆಂದೇ ಮೀಸಲಿಟ್ಟಿದ್ದರು. ಕೇಂದ್ರ ಸರ್ಕಾರದ ಕಚೇರಿ ಜ್ಞಾಪನದಲ್ಲಿ ಬರೆಯುವವನು ‘ನಾನು’ ಎನ್ನುವಂತಿಲ್ಲ. ಕೆಳಗೆ ಸಹಿ ಮಾಡಿರುವವನು ಎಂದು ತನ್ನನ್ನು ತಾನೇ ಮೂರನೆಯವನನ್ನಾಗಿ ಮಾಡಿಕೊಂಡು, ‘ದಿ ಅಂಡರ್‌ಸೈನ್ಡ್ ಈಸ್ ಡೈರೆಕ್ಟೆಡ್’ ಎಂದು ಶುರುಮಾಡಬೇಕು. ಅದೇ ಮನುಷ್ಯ ಅದೇ ಕುರ್ಚಿಯಲ್ಲಿ ಕುಳಿತು ರಾಜ್ಯ ಸರ್ಕಾರಕ್ಕೆ ಪತ್ರ ಬರೆದರೆ ‘ಐ ಆ್ಯಮ್ ಡೈರೆಕ್ಟೆಡ್’. ಬೆಳಿಗ್ಗೆ ‘ಆ್ಯಮ್’, ಮಧ್ಯಾಹ್ನ ‘ಈಸ್’. ಇನ್ನು ‘ದಿ ಸೆಕ್ರೆಟರಿ ಅಂಡ್ ಟ್ರೆಷರರ್’ ಎಂದರೆ ಎರಡು ಹುದ್ದೆ ಹೊತ್ತ ಒಬ್ಬ ಆಸಾಮಿ, ಅವನಿಗೆ ‘ಈಸ್’. ನಡುವೆ ಇನ್ನೊಂದು ‘ದಿ’ ಬಿದ್ದರೆ ಇಬ್ಬರು, ಅವರಿಗೆ ‘ಆರ್’. ನಮ್ಮಂಥ ಸಂಘಸಂಸ್ಥೆಗಳಲ್ಲಿ ಕಾರ್ಯದರ್ಶಿಯೂ ಖಜಾಂಚಿಯೂ ಒಬ್ಬರೇ ಆಗುವ ಪ್ರಸಂಗ ಅಪರೂಪವಲ್ಲವಾದ್ದರಿಂದ ಈ ನಿಯಮ ನಮಗೂ ಉಪಯೋಗಕ್ಕೆ ಬರುತ್ತದೆ.

ಆ ಕಾಲಕ್ಕೆ ನಮಗೆಲ್ಲ ಗತಿ ರೆನ್ ಮತ್ತು ಮಾರ್ಟಿನ್ ಎಂಬ ಇಬ್ಬರು ಇಂಗ್ಲಿಷರ ವ್ಯಾಕರಣ ಪುಸ್ತಕ. 1930ರ ದಶಕದಲ್ಲಿ ಭಾರತದ ಶಾಲಾಮಕ್ಕಳಿಗೆಂದು ಬರೆದ ಈ ಪುಸ್ತಕವನ್ನು ದೆಹಲಿಯ ಎಸ್. ಚಾಂದ್ ಸಂಸ್ಥೆ ಈಗಲೂ ಅಚ್ಚು ಹಾಕುತ್ತಿದೆ. ಬಹುಕಾಲದಿಂದ ನಡೆದುಬಂದಿರುವ ಆವೃತ್ತಿಯನ್ನು ಪರಿಷ್ಕರಿಸಿದವರು ಎನ್.ಡಿ.ವಿ. ಪ್ರಸಾದ ರಾವ್. ಬಿಳಿಯರು ಹೋಗಿ ಮುಕ್ಕಾಲು ಶತಮಾನ ಕಳೆದರೂ ಅವರ ‘ಎಸ್’ ಅನ್ನು ಕಾಯುವ ಕೆಲಸ ನಮಗೇ ಬಿದ್ದಿದೆ.

ಹೀಗೆ ಕಾದ ‘ಎಸ್’ ಒಬ್ಬ ಹುಡುಗನ ಬದುಕಿಗೆ ಅಡ್ಡ ನಿಂತಿದ್ದನ್ನು ನಾನು ಹತ್ತಿರದಿಂದ ನೋಡಿದ್ದು 2018ರ ಚಳಿಗಾಲದಲ್ಲಿ. ರಾಮಕೃಷ್ಣಪುರದ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಓಲ್ಡ್ ರಾಜೇಂದ್ರ ನಗರದಿಂದ ಬರುವ ಐ.ಎ.ಎಸ್. ಅಭ್ಯರ್ಥಿಗಳ ಗುಂಪನ್ನು ನೀವೂ ನೋಡಿರುತ್ತೀರಿ. ನಾಟಕಕ್ಕಿಂತ ಊಟದ ಕಡೆಗೇ ಅವರ ಗಮನ. ಪಾಪ, ತಿಂಗಳುಗಟ್ಟಲೆ ರಾಜಮಾ ತಿಂದವರು. ಆ ಗುಂಪಿನಲ್ಲಿದ್ದ ಯಾದಗಿರಿ ಕಡೆಯ ಹುಡುಗನೊಬ್ಬ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತ. ಕನ್ನಡ ಮಾಧ್ಯಮದಲ್ಲಿ ಓದಿದವನು, ಕನ್ನಡ ಸಾಹಿತ್ಯವನ್ನೇ ಐಚ್ಛಿಕವಾಗಿ ತೆಗೆದುಕೊಂಡವನು, ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯುವವನು. ಇತಿಹಾಸ, ಸಂವಿಧಾನ ಯಾವುದನ್ನು ಕೇಳಿದರೂ ಹರಳು ಹುರಿದಂತೆ ಹೇಳುತ್ತಿದ್ದ. ‘ಎಲ್ಲಾ ಬರ್ತದರೀ ಸರ್. ಒಂದ ಇಂಗ್ಲಿಷ್ ಪೇಪರ್ ದಾಟಿಬಿಟ್ರ ಸಾಕು’ ಎಂದ.

ಈ ಪರೀಕ್ಷೆಯ ಪರಿಚಯವಿಲ್ಲದವರಿಗೆ ಎರಡು ಮಾತು. ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷಿನದೊಂದು, ಭಾರತೀಯ ಭಾಷೆಯದೊಂದು, ಹೀಗೆ ಎರಡು ಪತ್ರಿಕೆಗಳು ತಲಾ 300 ಅಂಕಗಳಿಗೆ ಇರುತ್ತವೆ. ಮಟ್ಟ ಬರೀ ಮೆಟ್ರಿಕ್ಯುಲೇಶನ್ನಿನದು. ಇವುಗಳ ಅಂಕ ಒಟ್ಟು ಲೆಕ್ಕಕ್ಕೆ ಸೇರುವುದಿಲ್ಲ. ಶೇಕಡಾ 25, ಅಂದರೆ 75 ಅಂಕ ಬಂದರೆ ಸಾಕು. ಆದರೆ ಅಷ್ಟು ಬಾರದಿದ್ದರೆ ಉಳಿದ ಏಳು ಪತ್ರಿಕೆಗಳನ್ನು ಮೌಲ್ಯಮಾಪನಕ್ಕೇ ತೆಗೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಬೆವರು ಸುರಿಸಿ ಬರೆದ ಏಳು ಕಟ್ಟುಗಳು ಬಿಚ್ಚದೆಯೇ ಉಳಿಯುತ್ತವೆ. 75 ಅಂಕ ಏನು ಮಹಾ ಎಂದು ನಿಮ್ಮ ಮನೆಯ ಕಾನ್ವೆಂಟ್ ಮಕ್ಕಳು ನಗಬಹುದು. ಆ ಹುಡುಗ ನಗುತ್ತಿರಲಿಲ್ಲ. ಮರುವಾರದಿಂದ ಭಾನುವಾರದ ಊಟಕ್ಕೆ ದ್ವಾರಕದ ನಮ್ಮ ಮನೆಗೆ ಬಾ, ಹಾಗೆಯೇ ಒಂದು ಗಂಟೆ ಇಂಗ್ಲಿಷನ್ನೂ ನೋಡೋಣ ಎಂದೆ. ಊಟದ ಆಸೆಗೋ ವ್ಯಾಕರಣದ ಆಸೆಗೋ, ನೀಲಿ ಗೆರೆಯ ಮೆಟ್ರೋ ಹಿಡಿದು ತಪ್ಪದೆ ಬರತೊಡಗಿದ.

ಅವನು ಬರೆದು ತಂದ ಪ್ರಬಂಧಗಳನ್ನು ತಿದ್ದುತ್ತ ಹೋದಂತೆ ನನಗೊಂದು ವಿಷಯ ಹೊಳೆಯಿತು. ಅವನ ತಪ್ಪುಗಳು ಅಡ್ಡಾದಿಡ್ಡಿಯಾಗಿರಲಿಲ್ಲ. ಅವಕ್ಕೂ ಒಂದು ನ್ಯಾಯವಿತ್ತು. ‘ಬಾಯ್ಸ್ ಪ್ಲೇಸ್’ ಎಂದು ಬರೆಯುವನು, ‘ಬಾಯ್ ಪ್ಲೇ’ ಎಂದು ಬರೆಯುವನು. ಕೇಳಿದರೆ, ‘ಬಾಯ್ಸ್‌ನಾಗೂ ಎಸ್ ಅದ, ಪ್ಲೇಸ್‌ನಾಗೂ ಎಸ್ ಅದ. ಎರಡೂ ಕೂಡಿ ಹೊಂದತಾವಲ್ರೀ ಸರ್?’ ಎಂದ. ಕನ್ನಡದ ಕಿವಿಗೆ ಇದು ಎಷ್ಟು ಸಹಜ! ‘ಹುಡುಗರು ಆಡಿದರು’ ಎಂದರೆ ಆ ‘ಅರು’ವಿಗೆ ಈ ‘ಅರು’ ತಾಳ ಹಾಕುತ್ತದೆ. ‘ಅವಳು ಆಡಿದಳು’, ‘ಅವನು ಆಡಿದನು’, ‘ಅವು ಆಡಿದವು’. ಕರ್ತೃವಿನ ಕೊನೆಯನ್ನೇ ಕ್ರಿಯಾಪದ ಪ್ರತಿಧ್ವನಿಸುತ್ತದೆ. ಹೊಂದಾಣಿಕೆ ಎಂದರೆ ಒಂದೇ ಬಣ್ಣದ ಸೀರೆ ರವಿಕೆಯ ಹಾಗೆ ಎಂದು ಹಾಲಿನ ಜೊತೆಗೇ ಕಲಿತ ನಮಗೆ ಇಂಗ್ಲಿಷು ತದ್ವಿರುದ್ಧ ಹೇಳುತ್ತದೆ. ನಾಮಪದಕ್ಕೆ ‘ಎಸ್’ ಬಂದರೆ ಬಹುವಚನ, ಕ್ರಿಯಾಪದಕ್ಕೆ ಬಂದರೆ ಏಕವಚನ. ಅಂದರೆ ಮನೆಯಲ್ಲಿರುವುದು ಒಂದೇ ಸೈಕಲ್ಲು. ಅಣ್ಣ ತೆಗೆದುಕೊಂಡು ಹೋದರೆ ತಮ್ಮ ನಡೆದು ಹೋಗಬೇಕು. ‘ಬಾಯ್ಸ್ ಪ್ಲೇ’, ‘ಬಾಯ್ ಪ್ಲೇಸ್’. ಈ ಸೈಕಲ್ಲಿನ ಲೆಕ್ಕ ಅವನಿಗೆ ತಟ್ಟನೆ ಹಿಡಿಸಿತು. ‘ಚಿಲ್ಡ್ರನ್’, ‘ಪೀಪಲ್’ ಮುಂತಾದ ಸೈಕಲ್ಲಿಲ್ಲದೆಯೇ ಬಹುವಚನವಾದವರು ಬಂದು ಮತ್ತೆ ಗಲಿಬಿಲಿ ಮಾಡಿದರು, ಆ ಮಾತು ಬೇರೆ.

ಇನ್ನೊಂದು ನ್ಯಾಯ ಇದಕ್ಕಿಂತ ಸೊಗಸು. ‘ದಿ ಟೀಚರ್ ಆರ್’ ಎಂದು ಬರೆಯುವನು, ‘ದಿ ಡೆಪ್ಯುಟಿ ಕಮಿಷನರ್ ಹ್ಯಾವ್ ಆರ್ಡರ್ಡ್’ ಎಂದು ಬರೆಯುವನು. ಆದರೆ ‘ದಿ ಪ್ಯೂನ್ ಹ್ಯಾಸ್’ ಎಂದು ಸರಿಯಾಗಿಯೇ ಬರೆದಿದ್ದ! ಮರ್ಯಾದೆ ಕೊಡಬೇಕಾದ ಕಡೆಯೆಲ್ಲ ಅವನ ಕೈ ತಾನಾಗಿಯೇ ಬಹುವಚನಕ್ಕೆ ಹೊರಳುತ್ತಿತ್ತು. ‘ಡೀಸಿ ಸಾಹೇಬ್ರಿಗೆ ಹ್ಯಾಸ್ ಹಚ್ಚೂದಂದ್ರ ಕೈ ಬರಂಗಿಲ್ರೀ ಕಾಕಾ’ ಎಂದ. ಅಷ್ಟು ಹೊತ್ತಿಗೆ ನಾನು ಸರ್ ಹೋಗಿ ಕಾಕಾ ಆಗಿದ್ದೆ, ನನ್ನ ಹೆಂಡತಿ ಕಾಕಿ. ಇಂಗ್ಲೆಂಡಿನ ರಾಜನಿಗೂ ‘ಈಸ್’, ರಾಜನ ಕುದುರೆಗೂ ‘ಈಸ್’ ಕಣಪ್ಪ ಎಂದು ನಾನು ಹೇಳಬೇಕಾಯಿತು. ಹಾಗೆಂದು ಇಂಗ್ಲಿಷರಿಗೆ ಗೌರವದ ಬಹುವಚನ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ‘ದೌ’ ಎಂಬ ಏಕವಚನ ಅವರಲ್ಲೂ ಇತ್ತು. ‘ಯು’ ಎಂಬುದು ನಮ್ಮ ‘ನೀವು’. ಕ್ರಮೇಣ ಎಲ್ಲರಿಗೂ ‘ನೀವು’ ಎನ್ನುತ್ತ ಎನ್ನುತ್ತ ‘ನೀನು’ ಸತ್ತೇಹೋಯಿತು. ಒಬ್ಬನೇ ಎದುರಿಗಿದ್ದರೂ ‘ಯು ಆರ್’ ಎನ್ನುವುದು ಅದರಿಂದಲೇ. ಇದನ್ನು ಕೇಳಿದ ಮೇಲೆ ಆ ಭಾಷೆಯ ಮೇಲಿನ ಅವನ ಸಿಟ್ಟು ಸ್ವಲ್ಪ ಇಳಿದಂತೆ ಕಂಡಿತು.

‘ಎಸ್’ನ ಕಥೆಯೂ ಹೇಳಬೇಕಾದ್ದೇ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ನಮ್ಮ ಹಾಗೆ ಹಲವು ಬಾಲಗಳಿದ್ದವು. ಒಂದೊಂದಾಗಿ ಉದುರಿ ಕೊನೆಗೆ ಮೂರನೆಯ ಏಕವಚನದ ಬಾಲ ಒಂದೇ ಉಳಿಯಿತು. ಅದೂ ದಕ್ಷಿಣದಲ್ಲಿ ‘ಎತ್’ ಎಂದಿತ್ತು. 1611ರ ಬೈಬಲ್ಲಿನಲ್ಲಿ ಇಂದಿಗೂ ಆ ರೂಪವೇ ಇದೆ. ಅದನ್ನು ಓಡಿಸಿದ ‘ಎಸ್’ ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನದು. ಕೊನೆಗೆ ಅಲ್ಲಿಯೂ ಉತ್ತರದವರದೇ ನಡೆಯಿತು ಎಂದು ದೆಹಲಿಯ ದಕ್ಷಿಣದವರಾದ ನಾವು ನಿಟ್ಟುಸಿರು ಬಿಡಬಹುದು.

ನಮ್ಮಲ್ಲಿ? ಎಣಿಸಿ ನೋಡಿ. ಬಂದೆನು, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದರು, ಬಂದಿತು, ಬಂದವು. ಒಂಬತ್ತು ಬಾಲ! ಇಂಗ್ಲಿಷಿನವನಿಗೆ ಈ ಒಂಬತ್ತಕ್ಕೂ ‘ಕೇಮ್’ ಒಂದೇ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಕಟ್ಟನ್ನು ಕನ್ನಡದಲ್ಲೇ ವಿವರಿಸಿದ. ಅವನ ಗ್ರಂಥವನ್ನು ಸಂಪಾದಿಸಿದ ಜರ್ಮನಿಯ ಕಿಟ್ಟೆಲ್ ಸಾಹೇಬರು 1903ರಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಬಾಲ ಇಷ್ಟು ಗಟ್ಟಿಯಾಗಿರುವುದರಿಂದಲೇ ನಾವು ಕರ್ತೃವನ್ನು ಆರಾಮವಾಗಿ ಬಿಟ್ಟುಬಿಡುತ್ತೇವೆ. ಬಾಗಿಲ ಬಳಿ ನಿಂತು ‘ಬಂದಳು’ ಎಂದರೆ ಸಾಕು; ಬಂದದ್ದು ಹೆಣ್ಣು, ಒಬ್ಬಳೇ, ನಮಗೆ ಸಲಿಗೆಯವಳು ಎಂಬಷ್ಟು ಸಮಾಚಾರ ಆ ಒಂದು ಬಾಲದಲ್ಲಿದೆ. ಇಂಗ್ಲಿಷಿನಲ್ಲಿ ಬಾಲವಿಲ್ಲದ್ದರಿಂದ ತಲೆ ಕಡ್ಡಾಯ. ಮಳೆ ಬಂದರೂ ಯಾರು ಏನು ಎಂದು ಗೊತ್ತಿಲ್ಲದ ಒಂದು ‘ಇಟ್’ ಅನ್ನು ಮುಂದೆ ನಿಲ್ಲಿಸಬೇಕು.

ಈ ಒಂಬತ್ತು ಬಾಲಗಳು ನಮ್ಮ ದೆಹಲಿಯ ಮನೆಗಳಲ್ಲಿ ಏನಾಗುತ್ತಿವೆ ಎಂಬುದು ಅದೇ ಭಾನುವಾರಗಳಲ್ಲಿ ನನ್ನ ಕಣ್ಣಿಗೆ ಬಿತ್ತು. ನಮ್ಮ ಮೇಲಿನ ಮನೆಯಲ್ಲಿ ಕನ್ನಡದ ದಂಪತಿಗಳು. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಗುರುಗ್ರಾಮದ ಕಚೇರಿಗಳಿಗೆ ಹೊರಟುಬಿಡುವವರು. ಅವರಿಗೆ ಆಗ ಹತ್ತು ವರ್ಷದ ಮಗಳು. ಮನೆಯಲ್ಲಿ ನೋಡಿಕೊಳ್ಳುವ ಹೆಂಗಸಿನ ಜೊತೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಅಪ್ಪ ಅಮ್ಮನ ಜೊತೆ ರಾತ್ರಿ ಒಂದೆರಡು ಗಂಟೆ ಸಿಕ್ಕ ಕನ್ನಡ. ತಾತ ಎಂದು ಪ್ರೀತಿಯಿಂದ ಓಡಿ ಬರುತ್ತಿದ್ದ ಮಗು. ಆದರೆ ಅದರ ಕನ್ನಡ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ‘ಬೇಡ’, ‘ಇಲ್ಲ’, ‘ಗೊತ್ತಿಲ್ಲ’, ‘ಸಾಕು’, ‘ಬೇಕು’, ‘ಬರಲಿಲ್ಲ’. ಇಷ್ಟರಲ್ಲೇ ಅದರ ವ್ಯವಹಾರವೆಲ್ಲ. ತಿಪಟೂರಿನ ಅಜ್ಜಿ ಫೋನಿನಲ್ಲಿ ಬೇಸರಪಟ್ಟುಕೊಳ್ಳುತ್ತಿದ್ದರಂತೆ: ‘ಈ ಮಗೂಗೆ ಬೇಡ, ಇಲ್ಲ ಅನ್ನೋದು ಬಿಟ್ರೆ ಇನ್ನೇನೂ ಬರಲ್ವೇನೇ? ಎಷ್ಟು ಹಟ!’

ಹಟವಲ್ಲ. ಈ ಮಾತುಗಳನ್ನು ಇನ್ನೊಮ್ಮೆ ಓದಿ. ಇವುಗಳಲ್ಲಿ ಒಂದಕ್ಕೂ ಬಾಲವಿಲ್ಲ. ನಾನು ಬರಲಿಲ್ಲ, ನೀನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ, ಬಸ್ಸು ಬರಲಿಲ್ಲ. ನನಗೆ ಬೇಕು, ಅವರಿಗೆ ಬೇಕು, ನಾಯಿಗೆ ಬೇಕು. ‘ಬಂದ’ ಎನ್ನುವಾಗ ಒಂಬತ್ತು ದಾರಿ ಒಡೆಯುವ ಕನ್ನಡ, ಇಲ್ಲ ಎನ್ನುವಾಗ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. (ಹಿಂದೆ ಹೀಗಿರಲಿಲ್ಲ. ಬಾರೆನು, ಬಾರಳು, ಬಾರರು ಎಂದು ನಿಷೇಧಕ್ಕೂ ಬಾಲಗಳಿದ್ದವು; ‘ಒಲ್ಲೆ’, ‘ಒಲ್ಲಳು’ ಎಂಬಲ್ಲಿ ಇಂದಿಗೂ ಅದರ ನೆರಳಿದೆ.) ಆ ಮಗು ಕನ್ನಡದಲ್ಲಿ ಬಾಲವಿಲ್ಲದ ಮಾತುಗಳನ್ನು ಮಾತ್ರ ಹುಡುಕಿ ಹುಡುಕಿ ಆರಿಸಿಕೊಂಡಿತ್ತು, ಕೆಸರಿನಲ್ಲಿ ಕಲ್ಲಿನ ಮೇಲೆ ಮಾತ್ರ ಕಾಲಿಟ್ಟು ದಾಟುವವರ ಹಾಗೆ.

ಹಾಗೇಕೆ ಮಾಡಿತು ಎಂಬುದನ್ನು ಅದರ ತಾಯಿ ಹೇಳಿದರು. ಹಿಂದಿನ ಬೇಸಿಗೆಯಲ್ಲಿ ತಿಪಟೂರಿನಲ್ಲಿ ಒಂದು ಮದುವೆ. ಗಂಡಿನ ಕಡೆಯವರ ಬಸ್ಸು ಛತ್ರದ ಮುಂದೆ ನಿಂತಾಗ ಎಲ್ಲರಿಗಿಂತ ಮೊದಲು ನೋಡಿದ ಈ ಮಗು ಸಂಭ್ರಮದಿಂದ ಒಳಗೆ ಓಡಿ ಬಂದು ‘ಬಸ್ ಬಂದಳು! ಬಸ್ ಬಂದಳು!’ ಎಂದು ಕೂಗಿತು. ದೆಹಲಿಯಲ್ಲಿ ಬಸ್ಸು ಹೆಣ್ಣಲ್ಲವೆ? ಛತ್ರಕ್ಕೆ ಛತ್ರವೇ ಬಿದ್ದು ಬಿದ್ದು ನಕ್ಕಿತು. ದೊಡ್ಡಪ್ಪನ ಮಕ್ಕಳಿಗೆ ಮೂರು ದಿನ ಅದೇ ಆಟ. ‘ಬಸ್ಸಮ್ಮ ಬಂದಳು, ದಾರಿ ಬಿಡಿ’ ಎಂದು ಅದರ ಹಿಂದೆಯೇ ತಿರುಗಿದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಮಗು ಅಂದಿನಿಂದ ಊರಿನವರ ಎದುರಿಗೆ ಬಾಲವಿರುವ ಕನ್ನಡವನ್ನು ಆಡಲಿಲ್ಲ. ‘ನಾನು ಬಂದಳು’ ಎಂದೂ ಒಮ್ಮೆ ಹೇಳಿ ನಗಿಸಿಕೊಂಡಿತ್ತಂತೆ. ‘ಮೈಂ ಆಯೀ’ ಎಂದು ಹುಡುಗಿ ತನ್ನ ಹೆಣ್ಣುತನವನ್ನು ಕ್ರಿಯಾಪದದಲ್ಲಿ ಹೇಳಲೇಬೇಕಾದ ಭಾಷೆಯಲ್ಲಿ ಬೆಳೆದವಳು, ಕನ್ನಡದ ‘ನಾನು’ ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂಬುದನ್ನು ಯಾರೂ ಹೇಳಿಕೊಡದೆ ಹೇಗೆ ತಿಳಿದಾಳು?

ನಮ್ಮ ಮಕ್ಕಳ ಇಂಗ್ಲಿಷಿನಲ್ಲಿ ಒಂದು ‘ಎಸ್’ ತಪ್ಪಿದರೆ ಟ್ಯೂಷನ್ ಇಡಿಸುತ್ತೇವೆ. ಕನ್ನಡದ ಬಾಲ ತಪ್ಪಿದರೆ ನಗುತ್ತೇವೆ. ನನಗೇನೋ ಇದು ತಲೆಕೆಳಗು ಎನ್ನಿಸುತ್ತದೆ. ಇಂಗ್ಲಿಷಿನ ‘ಎಸ್’ಗೆ ರೆನ್ ಮತ್ತು ಮಾರ್ಟಿನ್ ಇದ್ದಾರೆ, ಶಾಲೆಯಿದೆ, ಪರೀಕ್ಷೆಯಿದೆ. ಕನ್ನಡದ ಬಾಲಕ್ಕೆ ದ್ವಾರಕದಲ್ಲಿ ಇರುವವರು ನಾವು ನಾಲ್ಕು ಜನ. ನಾವೇ ನಕ್ಕರೆ ಮಗು ಇನ್ನೆಲ್ಲಿ ಬಾಯಿ ಬಿಡಬೇಕು?

ನಗದೆ ಇದ್ದವನು ಯಾದಗಿರಿಯ ಹುಡುಗ. ಒಂದು ಭಾನುವಾರ ಮಗು ನಮ್ಮ ಮನೆಗೆ ಬಂದಾಗ ಅವನು ‘ಹಿ ಡಸ್ ನಾಟ್ ಗೋಸ್’ ಎಂದು ಬರೆಯುತ್ತಿದ್ದ. ಮಗು ಬಗ್ಗಿ ನೋಡಿ ಕಿಸಕ್ಕನೆ ನಕ್ಕಿತು. ನಾನು ಗದರಬೇಕೆನ್ನುವಷ್ಟರಲ್ಲಿ ಅವನೇ, ‘ನಗವ್ವಾ ನ‌ಗು. ಬೆಂಗಳೂರಾಗ ನನ್ನ ಕ್ಲಾಸಿನಾಗ ಎಲ್ಲಾರೂ ನಕ್ಕಿದ್ರು. ಆಮ್ಯಾಗ ಎರಡು ವರ್ಷ ನಾ ಇಂಗ್ಲಿಷ್ ಬಾಯಿ ತೆಗೀಲಿಲ್ಲ ನೋಡು’ ಎಂದ. ಅರ್ಥ ಆಗದೆ ಮಗು ನನ್ನ ಮುಖ ನೋಡಿತು. ನಾನು ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಅವನ ಪಕ್ಕ ಕುಳಿತು ‘ಗೋಸ್’ನ ಬಾಲವನ್ನು ಪೆನ್ಸಿಲಿನಿಂದ ಹೊಡೆದು ಹಾಕಿತು. ‘ಡಸ್’ ಬಂದಮೇಲೆ ‘ಎಸ್’ ಅದಕ್ಕೆ ಹತ್ತಿಕೊಳ್ಳುತ್ತದೆ, ‘ಗೋ’ ಬರಿಗೈಯಾಗುತ್ತದೆ ಎಂಬ ನಿಯಮವೇನೂ ಆ ಮಗುವಿಗೆ ಗೊತ್ತಿರಲಿಲ್ಲ. ಕಿವಿಗೆ ಗೊತ್ತಿತ್ತು, ಅಷ್ಟೆ. ಅವನಿಗೆ ಕನ್ನಡದಲ್ಲಿದ್ದ ಕಿವಿ ಇವಳಿಗೆ ಇಂಗ್ಲಿಷಿನಲ್ಲಿತ್ತು. ಆ ವಾರದಿಂದ ನನ್ನ ಪಾಠ ಅರ್ಧಕ್ಕರ್ಧ ಕಡಿಮೆಯಾಯಿತು. ಅವನು ಬರೆದದ್ದನ್ನು ಅವಳು ಗಟ್ಟಿಯಾಗಿ ಓದುವಳು, ಮುಗ್ಗರಿಸಿದ ಕಡೆ ಅವನು ತಿದ್ದಿಕೊಳ್ಳುವನು. ಪ್ರತಿಯಾಗಿ ಅವನು ಕಿಟಕಿಯಲ್ಲಿ ನಿಂತು ಕೆಳಗೆ ಬಂದದ್ದನ್ನೆಲ್ಲ ತೋರಿಸುವನು, ಅವಳು ಬಾಲ ಹಚ್ಚಬೇಕು. ಹಾಲಿನವನು ಬಂದ, ಆಂಟಿ ಬಂದರು, ನಾಯಿ ಬಂತು, ಎರಡು ನಾಯಿ ಬಂದವು. ಬಸ್ಸು... ಬಂತು! ಅವನು ಕಲಿಸಿದ್ದರಿಂದ ಕೆಲವು ಬಾಲಗಳು ‘ಬಂದಾಳ’, ‘ಹೋಗ್ಯಾನ’ ಎಂದು ಯಾದಗಿರಿಯ ರೂಪದಲ್ಲೇ ಅವಳಿಗೆ ಬಂದವು. ಬಂದದ್ದು ಬರಲಿ ಎಂದು ಬಿಟ್ಟೆ.

ಒಂದು ದಿನ ಅವಳು ಕೇಳಿದ ಪ್ರಶ್ನೆಗೆ ಮಾತ್ರ ನಾವಿಬ್ಬರೂ ತಡಬಡಾಯಿಸಿದೆವು. ‘ಅಮ್ಮ ಬಂದಳು ಅಂತಲೋ, ಬಂದರು ಅಂತಲೋ?’ ನಮ್ಮ ಹಾಸನದ ಕಡೆ ಅಮ್ಮ, ಅಜ್ಜಿ ಸಲಿಗೆಯಲ್ಲಿ ‘ಬಂದ್ಲು’, ಅತ್ತೆಗೆ ‘ಬಂದ್ರು’. ಯಾದಗಿರಿಯಲ್ಲಿ ಅಪ್ಪನೂ ‘ಬಂದಾನ’. ದೇವರಿಗೆ ಏಕವಚನ, ತಹಶೀಲ್ದಾರರಿಗೆ ಬಹುವಚನ! ರಾಮ ಬಂದ, ಲಕ್ಷ್ಮಿ ಬಂದಳು, ಗುಮಾಸ್ತರು ಬಂದರು. ಇದಕ್ಕೆ ಯಾವ ಪುಸ್ತಕದಲ್ಲಿ ನಿಯಮ ತೋರಿಸಲಿ? ನಾಲ್ಕು ಮನೆ ಓಡಾಡಿ, ನಾಲ್ಕು ಜಗಳ ಕೇಳಿ, ನಾಲ್ಕು ಹಬ್ಬ ಉಂಡು ಬರಬೇಕಾದ ಬಾಲ ಇದು. ಅಷ್ಟೇ ಸಾಲದೆಂಬಂತೆ, ಪಕ್ಕದ ಬ್ಲಾಕಿನಲ್ಲಿರುವ ಹವ್ಯಕ ಅಜ್ಜಿಯೊಬ್ಬರು, ಕಾಸರಗೋಡಿನ ಕಡೆಯವರು, ಅದೇ ಹೊತ್ತಿಗೆ ಬಂದು, ‘ನಮ್ಮ ಸೊಸೆ ಈಗಷ್ಟೇ ಬಂತು’ ಎಂದರು. ಅವರ ಮನೆಮಾತಿನಲ್ಲಿ ಹೆಂಗಸರಿಗೆಲ್ಲ ‘ಬಂತು’, ‘ಹೋತು’. ಅವಮಾನವೇನಿಲ್ಲ, ಅದೇ ರೂಢಿ. 1956ರಿಂದ ಕೇರಳಕ್ಕೆ ಸೇರಿದ ಆ ಸೀಮೆಯಲ್ಲಿ ಅವರ ಮಕ್ಕಳು ಮನೆಯಲ್ಲಿ ‘ಬಂತು’, ಕನ್ನಡ ಶಾಲೆಯಲ್ಲಿ ‘ಬಂದಳು’, ಪೇಟೆಯ ಮಲಯಾಳದಲ್ಲಿ ‘ವನ್ನು’ ಎಂದು ಮೂರು ಲೆಕ್ಕ ಇಟ್ಟು ಬೆಳೆದವರು. ಮಲಯಾಳದ ಕ್ರಿಯಾಪದಕ್ಕಂತೂ ಬಾಲವೇ ಇಲ್ಲ. ನಾನು, ನೀನು, ಅವಳು, ಬಸ್ಸು ಎಲ್ಲಕ್ಕೂ ‘ವನ್ನು’. ‘ನಮ್ಮ ಕಡಿ ತೆಲುಗಿನೋರೂ ಹಂಗ ರೀ. ಆಕಿಗೂ ವಚ್ಚಿಂದಿ, ಬಸ್ಸಿಗೂ ವಚ್ಚಿಂದಿ’ ಎಂದ ನಮ್ಮ ಹುಡುಗ. ಹೀಗೆ ಬಸ್ಸೂ ಸೊಸೆಯೂ ಒಂದೇ ಬಾಲ ಹಿಡಿದು ಬರುವ ನಾಡುಗಳೂ ಇವೆ ಎಂದು ತಿಳಿದಾಗ ಆ ಮಗುವಿನ ಮುಖ ಅರಳಿದ್ದನ್ನು ನೋಡಬೇಕಿತ್ತು.

ಇಂಗ್ಲಿಷಿನ ಪಾಠ ಮುಂದುವರಿದೇ ಇತ್ತು. ‘ಒನ್ ಆಫ್ ದಿ ಬಾಯ್ಸ್’ ಎಂದಾಗ ಕಣ್ಣೆದುರಿಗಿರುವ ‘ಬಾಯ್ಸ್’ ಅನ್ನು ನಂಬದೆ ಹಿಂದಿರುವ ‘ಒನ್’ ಅನ್ನು ಹಿಡಿಯಬೇಕು. ‘ಈಚ್’ ಒಬ್ಬಂಟಿ. ‘ಬ್ರೆಡ್ ಅಂಡ್ ಬಟರ್’ ಒಂದೇ ತಿಂಡಿ. ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ‘ಇಂಡಿಯಾ ಆರ್’ ಅಂತಾರಲ್ಲ ಎಂದು ಕೇಳಿದ. ಅಲ್ಲಿ ಇಂಡಿಯಾ ಎಂದರೆ ಹನ್ನೊಂದು ಜನ, ಪರೀಕ್ಷೆಯಲ್ಲಿ ಒಂದು ದೇಶ ಎಂದೆ. ನಮ್ಮ ‘ಜನ’ವೂ ಹಾಗೆಯೇ ಅಲ್ಲವೆ? ‘ಜನ ಬಂದರು’ ಎಂದರೂ ಸರಿ, ‘ಜನ ಸೇರಿತ್ತು’ ಎಂದರೂ ಸರಿ. ಅವನೋ ಕಾನೂನು ಓದಿಕೊಂಡವನು. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣದಂತೆ, ಸಂದರ್ಭಕ್ಕೆ ವಿರುದ್ಧವಾಗದಿದ್ದರೆ, ಕೇಂದ್ರದ ಕಾಯಿದೆಗಳಲ್ಲಿ ಪುಲ್ಲಿಂಗದಲ್ಲಿ ಸ್ತ್ರೀಯರೂ ಸೇರುತ್ತಾರೆ, ಏಕವಚನದಲ್ಲಿ ಬಹುವಚನವೂ ಬಹುವಚನದಲ್ಲಿ ಏಕವಚನವೂ ಸೇರುತ್ತವೆ. ‘ಈ ಸೆಕ್ಷನ್ ಇಂಗ್ಲಿಷ್ ಪೇಪರಿಗೂ ಹಚ್ಚಿದ್ರ ನಾ ಎಂದೋ ಪಾಸ್ ಆಗ್ತಿದ್ದೆ’ ಎಂದು ನಕ್ಕ.

2019ರ ಸೆಪ್ಟೆಂಬರಿನಲ್ಲಿ ಮುಖ್ಯ ಪರೀಕ್ಷೆ ಬರೆದ. ಕೊನೆಯ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಆದರೆ ಆಮೇಲೆ ಬಂದ ಅಂಕಪಟ್ಟಿಯಲ್ಲಿ ಏಳು ಪತ್ರಿಕೆಗಳಿಗೂ ಅಂಕಗಳಿದ್ದವು. ಅಂದರೆ ಕಟ್ಟುಗಳನ್ನು ಬಿಚ್ಚಿದ್ದರು, ಅವನ ಕನ್ನಡವನ್ನು ಯಾರೋ ಕುಳಿತು ಓದಿದ್ದರು. ಆ ಪಟ್ಟಿಯನ್ನು ಹಿಡಿದುಕೊಂಡು ಅವನು ನಮ್ಮ ಮನೆಗೆ ಬಂದ ಸಂಜೆ ಸೋತವನ ಹಾಗೆ ಇರಲಿಲ್ಲ. ಈಗ ಊರಿನ ಕಡೆಯೇ ಸರ್ಕಾರಿ ಕೆಲಸದಲ್ಲಿದ್ದಾನೆ. ಮೇಲಿನ ಮನೆಯ ಮಗು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾಗಿದ್ದಾಳೆ. ತಿಪಟೂರಿನ ಅಜ್ಜಿಯೊಡನೆ ಫೋನಿನಲ್ಲಿ ಅರ್ಧ ಗಂಟೆ ಹರಟುತ್ತಾಳೆ. ಬಾಲಗಳು ಈಗಲೂ ಅಲ್ಲೊಂದು ಇಲ್ಲೊಂದು ತಪ್ಪುತ್ತವೆ, ಕೆಲವು ಯಾದಗಿರಿಯವು. ಅಜ್ಜಿ ಈಚೆಗೆ ಅವಳನ್ನು ಹಟಮಾರಿ ಎನ್ನುವುದಿಲ್ಲವಂತೆ, ವಾಚಾಳಿ ಎನ್ನುತ್ತಾರಂತೆ.

ಯುಗಾದಿಗೆ ಅವನಿಂದ ತಪ್ಪದೆ ಸಂದೇಶ ಬರುತ್ತದೆ, ಅಭ್ಯಾಸ ತಪ್ಪಬಾರದೆಂದು ಇಂಗ್ಲಿಷಿನಲ್ಲೇ. ‘ಎಸ್’ಗಳೆಲ್ಲ ಇರಬೇಕಾದಲ್ಲಿ ಇರುತ್ತವೆ. ಆದರೆ ಪ್ರತಿ ವರ್ಷವೂ ಕೊನೆಯ ಸಾಲು ಮಾತ್ರ ‘ಹೌ ಆರ್ ಕಾಕಿ?’ ಎಂದೇ ಇರುತ್ತದೆ. ಈ ಸಲ ಅದನ್ನು ನನ್ನ ಹೆಂಡತಿಗೆ ತೋರಿಸಿ, ಇಲ್ಲಿ ‘ಈಸ್’ ಬರಬೇಕಲ್ಲವೆ ಎಂದೆ.

‘ಯಾಕೆ? ಸರಿಯಾಗೇ ಬರ್ದಿದಾನಲ್ಲ. ಕಾಕಿ ಚೆನ್ನಾಗಿದಾರೆ ಅಂತ ಬರೀರಿ’ ಎಂದಳು.